ಮೂರನೆಯ ಕೂಗು

ಪವಮಾನ ಸರ್ ನನ್ನ ಕೈಗೆ ಹೆಡ್‌ಫೋನ್ ಕೊಟ್ಟಾಗಲೇ ನನಗೆ ಅರ್ಧ ಸಿಟ್ಟು ಬಂದಿತ್ತು. ನಾನು ಬಸ್ ಕಂಡಕ್ಟರ್. ಚಿತ್ತಾಪುರದಿಂದ ಸೇಡಂವರೆಗೆ ಕಿಕ್ಕಿರಿದ ಬಸ್ಸಿನ ಹಿಂದಿನ ಮೆಟ್ಟಿಲ ಮೇಲೆ ನಿಂತು ನಾನು ಒಮ್ಮೆ ಕೂಗಿದರೆ ಡ್ರೈವರ್ ಮಾತ್ರವಲ್ಲ, ಎದುರಿನಿಂದ ಬರುವ ಲಾರಿಯವನೂ ನಿಲ್ಲಿಸುತ್ತಾನೆ. ಅಂಥವಳ ಕಿವಿಗೆ ಯಂತ್ರ ಸಿಕ್ಕಿಸಿ, ಎರಡು ಮಾರು ದೂರ ನಿಂತು ಪಿಸುಗುಟ್ಟುವುದು ಯಾವ ಊರಿನ ಶಿಸ್ತು?

"ಹಾಕ್ಕೋ ಶಗುಫ್ತಾ. ಇವತ್ತ ಒಂದಿನ ಜಗಳಾ ತಗೀಬ್ಯಾಡ," ಎಂದಳು ನಾನಿ. ನನ್ನ ತಾಯಿಯ ತಾಯಿ ನಜಮುನ್ನೀಸಾ. ಅವಳ ದನಿ ಹುಟ್ಟಾ ಹಾಗೆಯೇ ಎಂದು ನಾವೆಲ್ಲ ನಂಬಿದ್ದೆವು. ಗೊಗ್ಗರು ಗೊಗ್ಗರು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ನಾನು ಸಣ್ಣವಳಿದ್ದಾಗ ಓಣಿ ಹಾರಿಹೋಗುವ ಹಾಗೆ ಅತ್ತರೆ ಅವಳು ನಗುತ್ತಿದ್ದಳು. "ಮುತ್ತಜ್ಜನ ಗಂಟಲ ಬಂದದ ಇಕಿಗೆ" ಎನ್ನುತ್ತಿದ್ದಳು. ಆ ಮುತ್ತಜ್ಜನ ಹೆಸರನ್ನು ಮನೆಯ ಹೊರಗೆ ನಾವು ಯಾರೂ ಎತ್ತುತ್ತಿರಲಿಲ್ಲ.

ಆ ಹೆಸರಿಗಾಗಿಯೇ ನಾವು ಅವತ್ತು ಹೋಗಿದ್ದು.

ಪವಮಾನ ಸರ್ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಕೆಲವು ವರ್ಷಗಳ ಹಿಂದೆ ಮೇಷ್ಟ್ರುಗಳ ಗುಂಪಿನೊಂದಿಗೆ ಜರ್ಮನಿಗೆ ಹೋಗಿ, ಯಹೂದಿಗಳನ್ನು ಕೂಡಿಹಾಕಿ ಕೊಂದ ಶಿಬಿರವೊಂದನ್ನು ನೋಡಿ ಬಂದಿದ್ದರು. ಅಲ್ಲಿ ಒಬ್ಬಳು ಹುಡುಗಿ ಕಿವಿಯಲ್ಲಿ ಮೆಲ್ಲಗೆ ಮಾತಾಡುತ್ತ ಹೆಣ ಸುಟ್ಟ ಒಲೆಗಳನ್ನು ತೋರಿಸಿದಳಂತೆ. ಕೊನೆಗೆ ಎಲ್ಲರೂ ಒಂದೊಂದು ಸಣ್ಣ ಕಲ್ಲನ್ನು ಸ್ಮಾರಕದ ಮೇಲಿಟ್ಟರಂತೆ. ಊರಿಗೆ ಮರಳಿದ ಮೇಲೆ ಸರ್ ನಮ್ಮ ಕಡೆಯ ಕೊಲೆಗಳ ಜಾಗಗಳನ್ನು ತೋರಿಸುವ ಈ ನಡಿಗೆ ಶುರು ಮಾಡಿದರು. ವಾಡಿ ಸ್ಟೇಷನ್ನಿನಿಂದ ಮಿನಿಬಸ್ಸು, ಕಿವಿಗೆ ಹೆಡ್‌ಫೋನು, ನಗಬಾರದು, ಸೆಲ್ಫಿ ತೆಗೆಯಬಾರದು, ಕೊನೆಗೆ ಆಳಿಗೊಂದು ಕಲ್ಲು. ಕಲ್ಲಿಗೇ ಹೆಸರಾದ ಶಹಾಬಾದಿಗೆ ಜನರನ್ನು ಕರೆತಂದು ಕಲ್ಲು ಹಂಚುವವರನ್ನು ನಾನಂತೂ ಮೊದಲ ಸಲ ನೋಡಿದ್ದು.

ಆದರೆ ಮನುಷ್ಯ ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಮೊದಲು ಅವರು ನಮ್ಮನ್ನು ಒಯ್ದಿದ್ದು ಚಿತ್ತಾಪುರದ ಒಂದು ಹಾಳುಗೋಡೆಯ ಮುಂದೆ. ಅದು ಅವರದೇ ಮನೆ. ನಿಜಾಮನ ಕೊನೆಯ ದಿನಗಳಲ್ಲಿ ರಜಾಕಾರರು ಬಂದು ಅವರ ಅಜ್ಜನನ್ನು ಅಂಗಳದ ಕಂಬಕ್ಕೆ ಕಟ್ಟಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದರು. ಹಗ್ಗ ಮೊದಲು ಸುಟ್ಟು ಅಜ್ಜ ಬಿಡಿಸಿಕೊಂಡು ಬಾಗಿಲತ್ತ ಓಡಿದರು. ಬಾಗಿಲಲ್ಲಿ ನಿಂತವರು ಬರ್ಚಿಯಿಂದ ಒಳಗೆ ತಳ್ಳಿದರು. ಮತ್ತೆ ಓಡಿದರು, ಮತ್ತೆ ತಳ್ಳಿದರು. ಅಜ್ಜಿ ಲಕ್ಷ್ಮೀಬಾಯಿ ಅದನ್ನು ಅಟ್ಟದ ಮೇಲಿಂದ ನೋಡಿದ್ದಳು. ಸರ್ ಇದನ್ನು ದನಿ ಏರಿಸದೆ ಹೇಳಿದರು.

"ಆಮ್ಯಾಲ ಮಿಲಿಟರಿ ಬಂತು. ರಜಾಕಾರರು ಓಡಿಹೋದ್ರು. ಅವರ ಮ್ಯಾಲಿನ ಸಿಟ್ಟು ಯಾರ ಮ್ಯಾಲ ಬಿತ್ತು ಅನ್ನೋದನ್ನ ಕಲ್ಲಿನ ಖಣಿಯೊಳಗ ತೋರಸ್ತೀನಿ. ನಮ್ಮ ಅಜ್ಜನ್ನ ಸುಟ್ಟವರಿಗೂ ಆ ಖಣಿಯ ಮುಸಲ್ಮಾನ ಮಂದಿಗೂ ಏನೇನೂ ಸಂಬಂಧ ಇದ್ದಿಲ್ಲ. ನಮ್ಮಜ್ಜನ ಹೆಸರ ಹೇಳಿ ಅವರನ್ನ ಕಡದ್ರು. ಅದು ನಂಗ ಎರಡನೇ ಬೆಂಕಿ," ಎಂದರು.

ಖಣಿ ಇರುವುದು ಶಹಾಬಾದಿನಿಂದ ಹೊರಗೆ. ಈಗ ಕಲ್ಲು ತೆಗೆಯುವುದಿಲ್ಲ. ಒಂದು ಮೂಲೆಯಲ್ಲಿ ಹಸಿರು ನೀರು ನಿಂತಿದೆ. ಸುತ್ತಲೂ ಪದರು ಪದರಾದ ಗೋಡೆ, ಗೋಡೆಯ ಬುಡದಲ್ಲಿ ಬಗ್ಗಿ ಹೋಗಬೇಕಾದ ಗವಿಗಳು. ನಡುವೆ ಮರಳಿನ ಮೇಲೆ ಹೊಸ ಸ್ಮಾರಕದ ಕಲ್ಲು ಅಡ್ಡ ಮಲಗಿತ್ತು. ಸತ್ತವರ ಹೆಸರುಗಳನ್ನು ಕೊರೆದಿದ್ದವನು ತಾಹಿರ್. ಮರುದಿನ ಅದನ್ನು ಎತ್ತಿ ನಿಲ್ಲಿಸಿ ಸಿಮೆಂಟು ಹಾಕುವವರಿದ್ದರು. ತಾಹಿರ್ ಉಳಿ, ಸುತ್ತಿಗೆ ಹಿಡಿದು ಕೊನೆಯ ಅಕ್ಷರಗಳ ಅಂಚು ತಿದ್ದುತ್ತಿದ್ದ. ಪಕ್ಕದಲ್ಲಿ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಅವನ ಅಜ್ಜ ಹಾಜಿಸಾಬರು ಕೂತಿದ್ದರು.

ಹಾಜಿಸಾಬರು ಆ ಕೊಲೆಗಳ ದಿನ ಇಲ್ಲಿನ ಗವಿಯಲ್ಲಿದ್ದು ಬದುಕಿ ಬಂದವರು. ಅಂಥವರಲ್ಲಿ ಈಗ ಉಳಿದಿರುವುದು ಅವರೊಬ್ಬರೇ. ಯಾರ ಹೆಸರು ಕಲ್ಲಿನ ಮೇಲೆ ಇರಬೇಕು ಎಂದು ಹೇಳಿದ್ದೂ ಅವರೇ. ನಮ್ಮ ಮುತ್ತಜ್ಜ ಅಬ್ದುಲ್ ಗನಿಯನ್ನು ಅದೇ ಖಣಿಯಲ್ಲಿ ಅದೇ ದಿನ ಕಡಿದು ಕೊಂದಿದ್ದರು. ಅವನ ಹೆಸರು ಕಲ್ಲಿನಲ್ಲಿ ಇರಲಿಲ್ಲ. ಯಾಕೆಂದರೆ ಉಳಿದವರನ್ನೆಲ್ಲ ಸಾವಿಗೆ ಕರೆದವನು ಅವನೇ ಎಂಬುದು ಇಡೀ ಶಹಾಬಾದಿನ ಮಾತು. ನಮ್ಮಮ್ಮನಿಗೆ ಈ ಸೀಮೆಯಲ್ಲಿ ಗಂಡು ಸಿಗಲಿಲ್ಲ. 'ಕರೆದವನ ಮೊಮ್ಮಗಳು' ಎಂದರೆ ಮುಗಿಯಿತು. ಅವನ ಹೆಸರು ಆ ಕಲ್ಲಿನ ಮೇಲೆ ಬರಬೇಕು, ನಾಳೆ ಸಿಮೆಂಟು ಬೀಳುವ ಮೊದಲೇ ಬರಬೇಕು. ನಾನಿ ಅದನ್ನೇ ಕೇಳಲು ಬಂದಿದ್ದಳು. ಏನು ಹೇಳಿ ಕೇಳುತ್ತಾಳೋ ನನಗೂ ಗೊತ್ತಿರಲಿಲ್ಲ. ಕೇಳಿದರೆ, "ಅಲ್ಲೇ ಹೇಳ್ತೀನಿ" ಎಂದಿದ್ದಳು.

ಸರ್ ಮೊದಲು ಖಣಿಯ ಕೆಲಸದ ರೀತಿಯನ್ನು ವಿವರಿಸಿದರು. ಮೇಲಿನ ಕೆಟ್ಟ ಕಲ್ಲನ್ನು ಮದ್ದಿಟ್ಟು ಹಾರಿಸುತ್ತಿದ್ದರು, ಕೆಳಗಿನ ಒಳ್ಳೆಯ ಪದರನ್ನು ಕೈಯಿಂದ ಎಬ್ಬಿಸುತ್ತಿದ್ದರು. ಮದ್ದಿಗೆ ಕಿಡಿ ಹಚ್ಚುವ ಮೊದಲು ಒಬ್ಬ ಆಳು ದಂಡೆಯ ಮೇಲೆ ನಿಂತು 'ಹೋಶಿಯಾರ್', ಎಚ್ಚರ, ಎಂದು ಕೂಗಬೇಕು. ಎಲ್ಲರೂ ಗವಿ ಸೇರಬೇಕು. ಸಿಡಿದ ಮೇಲೆ ಅದೇ ಆಳು ಮೂರು ಸಲ 'ಸಾಫ್', ಅಂದರೆ ಅಪಾಯವಿಲ್ಲ, ಎಂದು ಕೂಗಬೇಕು. ಹೊಗೆ ಇಳಿದರೆ ಒಂದು ಸಾಫ್. ಮೇಲೆ ಜೋತುಬಿದ್ದ ಕಲ್ಲಿಲ್ಲ ಎಂದು ನೋಡಿಕೊಂಡು ಎರಡನೆಯದು. ಇಟ್ಟ ಮದ್ದೆಲ್ಲ ಸಿಡಿದಿದೆ, ಒಂದೂ ಒಳಗೆ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಮೂರನೆಯದು. ಮೂರನೆಯ ಸಾಫ್ ಕೇಳುವ ತನಕ ಯಾರೂ ಕಾಲು ಹೊರಗಿಡುವಂತಿಲ್ಲ. ನನಗೆ ಇದು ತಟ್ಟನೆ ಅರ್ಥವಾಯಿತು. ನಮ್ಮಲ್ಲೂ ಹಾಗೆಯೇ, ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ತಪ್ಪಿದರೆ ಯಾರದೋ ಕಾಲು ಗಾಲಿಯ ಕೆಳಗೆ.

ಆ ಖಣಿಯಲ್ಲಿ ಕೂಗುವ ಆಳು ಅಬ್ದುಲ್ ಗನಿ.

ಸರ್ ನಮ್ಮನ್ನು ಗವಿಯೊಳಗೆ ಕಳಿಸಿದರು. ಬಾವಲಿಯ ವಾಸನೆ, ಕತ್ತಲೆ, ಮೈಗೆ ಮೈ. ಹೊರಗಿನಿಂದ ಅವರು "ಸಾ...ಫ್" ಎಂದು ಕೂಗಿದರು. ಮತ್ತೊಮ್ಮೆ ಕೂಗಿದ್ದೇ ತಡ, ಕಲಬುರಗಿಯಿಂದ ಬಂದಿದ್ದ ಒಬ್ಬರು ಮೂಗು ಮುಚ್ಚಿಕೊಂಡು ಹೊರಗೆ ನುಗ್ಗಿದರು. ಅವರ ಹಿಂದೆ ಅರ್ಧ ಜನ ಹೊರಟರು.

"ನಿಲ್ರೀ! ಇನ್ನೂ ಮೂರನೇದ ಆಗಿಲ್ಲ!" ಎಂದು ಸರ್ ಗದರಿಸಿದರು.

ನಾನಿ ನನ್ನ ಮುಂಗೈ ಹಿಡಿದುಕೊಂಡಳು. ಅವಳ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು.

ಹೊರಗೆ ಬಂದು ನಿಂತ ಮೇಲೆ ಸರ್ ಆ ದಿನದ ಕಥೆ ಹೇಳಿದರು. ಸೇಡಿಗೆ ಹೊರಟ ಜನರ ದಂಡು ಬರುತ್ತಿದೆ ಎಂದು ತಿಳಿದು ಖಣಿಯ ಸಂಸಾರಗಳೆಲ್ಲ ಈ ಗವಿಗಳಲ್ಲಿ ಅಡಗಿದವು. ಬಾಯಿ ಸಣ್ಣದು, ಒಬ್ಬೊಬ್ಬರೇ ಬಗ್ಗಿ ಒಳಗೆ ಬರಬೇಕು. ಮೊದಲು ಬಗ್ಗಿದವನ ತಲೆಯನ್ನು ಒಳಗಿದ್ದವರು ಹಾರೆಯಿಂದ ಒಡೆದರು. ಎರಡನೆಯವನದೂ ಒಡೆದರು. ದಂಡಿನವರು ಆ ಹೆಣಗಳನ್ನು ಕಾಲು ಹಿಡಿದು ಎಳೆದುಹಾಕಿ, ಬಾಯಿಗೆ ಮೆಣಸಿನಕಾಯಿಯ ಹೊಗೆ ಹಾಕಿದರು. ಒಳಗೆ ಕೂಸುಗಳು ಕೆಮ್ಮಿ ಕೆಮ್ಮಿ ರಕ್ತ ಕಾರಿದವು. ಆದರೂ ಯಾರೂ ಹೊರಗೆ ಬರಲಿಲ್ಲ. ಮರುದಿನ ಕೂಸುಗಳಿಗೆ ನೀರು ತರಲು ಅಬ್ದುಲ್ ಗನಿ ತನ್ನ ಸಣ್ಣ ಮಗಳೊಂದಿಗೆ ಹಿಂದಿನ ಕಿಂಡಿಯಿಂದ ಹೊರಬಿದ್ದ. ಇಬ್ಬರೂ ಸಿಕ್ಕಿಬಿದ್ದರು.

"ಮಗಳ ಕುತ್ತಿಗಿಗೆ ಕುಡಗೋಲ ಹಿಡದು, 'ಕೂಗು' ಅಂದ್ರು. ಗನಿ ಕೂಗಿದ. ಒಂದು, ಎರಡು, ಮೂರು. ಅವನ ದನಿ ಕೇಳಿ ಒಳಗಿದ್ದವರು ಎಲ್ಲಾ ಸುರಳೀತ ಆಗ್ಯದ ಅಂತ ಹೊರಗ ಬಂದ್ರು. ಒಬ್ಬೊಬ್ಬರೇ ಬಗ್ಗಿ ಬರಬೇಕಲ್ಲ, ಬಗ್ಗಿದ ಕುತ್ತಿಗಿ ಮ್ಯಾಲೇ ಏಟು. ಹಿಂದಿನವರಿಗೆ ಮುಂದಿನವರು ಬಿದ್ದಿದ್ದು ಕಾಣಲಿಲ್ಲ. ಕೂಸುಗಳನ್ನ ಕಾಲ ಹಿಡದು ಇದೇ ಫರ್ಸಿ ಕಲ್ಲಿನ ಮ್ಯಾಲ ಅಪ್ಪಳಿಸಿದ್ರು. ಹೆಣ ಎಲ್ಲಾ ಆ ನೀರಿಗೆ ದೂಡಿದ್ರು. ಕಡೀಕ ಗನಿಯನ್ನೂ ಬಿಡಲಿಲ್ಲ. ಅವನ ಮಗಳು ಮಾತ್ರ ಉಳದ್ಲು."

ಜನ ಹಸಿರು ನೀರನ್ನು ನೋಡಿದರು. ಹಾಜಿಸಾಬರು ಕುರ್ಚಿಯಲ್ಲಿ ತಲೆಯಾಡಿಸಿದರು. ಪ್ರತಿ ಸಲವೂ ಹಾಗೆಯೇ ತಲೆಯಾಡಿಸುತ್ತಾರಂತೆ. ಅವರ ಕಿವಿ ಮಂದ, ಅವರಿಗೂ ಒಂದು ಹೆಡ್‌ಫೋನ್ ಕೊಟ್ಟಿದ್ದರು. ಸರ್ ಬುಟ್ಟಿಯಿಂದ ಒಂದೊಂದು ಕಲ್ಲು ತೆಗೆದು ನಮ್ಮ ಕೈಗಿಡುತ್ತ ಬಂದರು. ನಾನಿಯ ಮುಂದೆ ಬಂದಾಗ ಅವಳು ಕಲ್ಲು ತೆಗೆದುಕೊಳ್ಳಲಿಲ್ಲ. ಅವರ ಅಂಗಿಗೆ ಸಿಕ್ಕಿಸಿದ್ದ ಸಣ್ಣ ಮೈಕನ್ನು ಕಿತ್ತುಕೊಂಡಳು.

"ಎರಡ," ಎಂದಳು. ಅವಳ ಗೊಗ್ಗರು ದನಿ ಎಲ್ಲರ ಕಿವಿಯಲ್ಲೂ ಒಮ್ಮೆಲೇ ಕೇಳಿಸಿತು. "ಮೂರು ಅಲ್ಲ, ಎರಡ ಕೂಗಿದ್ದು. ನಾ ಅಬ್ದುಲ್ ಗನಿ ಮಗಳು."

ಮನೆಯಲ್ಲಿ ನಾವು ದಖ್ಖನಿ ಉರ್ದು ಮಾತಾಡುತ್ತೇವೆ. ಅವತ್ತು ಅವಳು ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಮಾತಾಡಿದಳು.

ಹಾಜಿಸಾಬರು ಎದ್ದು ನಿಂತರು. ಅಷ್ಟು ವಯಸ್ಸಾದವರು ಅಷ್ಟು ಬೇಗ ಏಳುವುದನ್ನು ನಾನು ನೋಡಿಲ್ಲ. ಬುಟ್ಟಿಗೆ ಕೈ ಹಾಕಿ ಕಲ್ಲೊಂದನ್ನು ಬೀಸಿ ಒಗೆದರು. ಅದು ನನ್ನ ಭುಜಕ್ಕೆ ತಾಗಿತು. ಎರಡನೆಯದು ನಾನಿಯ ಹುಬ್ಬಿಗೆ ಬಡಿಯಿತು. ಕೆಟ್ಟ ಶಬ್ದ. ರಕ್ತ ಕಣ್ಣಿನೊಳಗೆ ಇಳಿದು ಗಲ್ಲದಿಂದ ತೊಟ್ಟಿಕ್ಕತೊಡಗಿತು.

"ನಮ್ಮಮ್ಮನ್ನ ನುಂಗಿದವನ ಮಗಳು! ಇಲ್ಲಿಗೆ ಯಾಕ ಬಂದಿ?" ಎಂದು ಚೀರಿದರು.

ಆಮೇಲೆ ನಾನು ಏನು ಮಾಡಿದೆನೋ ಅದನ್ನು ಮುಚ್ಚಿಡುವುದಿಲ್ಲ. ಓಡಿಹೋಗಿ ಹಾಜಿಸಾಬರ ಕುರ್ತಾ ಹಿಡಿದು ಜಗ್ಗಿದೆ. ಅದು ಪರ್ರೆಂದು ಹರಿಯಿತು. ತಾಹಿರ್ ನನ್ನನ್ನು ತಳ್ಳಿದ. ನಾನು ಅವನ ಕಪಾಳಕ್ಕೆ ಬಾರಿಸಿದೆ. ಅವನು ಸುತ್ತಿಗೆ ಎತ್ತಿದ. ನಾನು ಕಾಲ ಬುಡದಲ್ಲಿದ್ದ ಚಪ್ಪಡಿಯ ಚೂರೊಂದನ್ನು ಎತ್ತಿಕೊಂಡೆ, ಅಂಚು ಚೂರಿಯಷ್ಟು ಹರಿತವಾಗಿತ್ತು. ಆ ಗಳಿಗೆಯಲ್ಲಿ ಅವನ ಮುಖ ಒಡೆಯುವುದೊಂದು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ. ಸರ್ ಇಬ್ಬರ ನಡುವೆ ಕೈ ಚಾಚಿ ನಿಂತು, "ಬ್ಯಾಡ್ರೀ, ಈ ಜಾಗಾದಾಗ ಬ್ಯಾಡ್ರೀ" ಎಂದು ಅಳುತ್ತಿದ್ದರು.

"ಶಗುಫ್ತಾ, ಬಿಡು," ಎಂದಳು ನಾನಿ ನನ್ನ ಕಿವಿಯ ಹೆಡ್‌ಫೋನಿನಲ್ಲಿ. "ಅವರು ಕೇಳಾಕತ್ತಾರ. ನನಗ ಅಷ್ಟ ಸಾಕು."

ಹಾಜಿಸಾಬರು ಹೆಡ್‌ಫೋನ್ ತೆಗೆದಿರಲಿಲ್ಲ. ನಾನಿ ಕುತ್ತಿಗೆಗೆ ಸದಾ ಸುತ್ತಿಕೊಳ್ಳುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಆ ಗಾಯದ ಗುರುತು ನನಗೆ ಗೊತ್ತಿತ್ತು. ಗಂಟಲಿನ ಗಡ್ಡೆ ತೆಗೆಸಿದ್ದು ಎಂದು ಹೇಳಿದ್ದಳು. ನಾನು ನಂಬಿದ್ದೆ. ಬಿಸಿಲಿನಲ್ಲಿ ನೋಡಿದರೆ ಅದು ಯಾವ ಡಾಕ್ಟರನ ಕೆಲಸವೂ ಅಲ್ಲ. ಒಂದು ಕಿವಿಯ ಕೆಳಗಿನಿಂದ ಗಂಟಲ ನಡುವಿನ ತನಕ ಡೊಂಕಾಗಿ, ಗಂಟುಗಂಟಾಗಿ ಹರಿದಿತ್ತು.

"ಅಬ್ಬಾ ಒಂದು ಕೂಗಿದ. ಎರಡು ಕೂಗಿದ. ಆ ದಂಡಿನ್ಯಾಗ ಖಣಿ ಕೆಲಸಾ ಬಲ್ಲಂವ ಒಬ್ಬಂವ ಇದ್ದ. 'ಇನ್ನೊಂದು ಅದ, ಅದನ್ನ ಕೂಗಸ್ರಿ' ಅಂದ. ಕುಡಗೋಲ ನನ್ನ ಚರ್ಮದೊಳಗ ಇಳದಿತ್ತು. ನಾ ಅಬ್ಬಾನ ಮಾರಿ ನೋಡಿದೆ. 'ಕೂಗು ಅಬ್ಬಾ' ಅಂದೆ. ನಾನೇ ಅಂದೆ. ಅಂವ ನನ್ನ ನೋಡಿದ. ನೋಡಿ ಬಾಯಿ ಮುಚ್ಚಿದ. ಹಲ್ಲ ಕಚ್ಚಿ ಮುಚ್ಚಿದ."

ಅವಳು ರಕ್ತ ಒರೆಸಿಕೊಂಡಳು.

"ಅವರು ಕುಡಗೋಲ ಎಳದ್ರು. ನಾ ಬಿದ್ದೆ. ಬಿದ್ದಲ್ಲಿಂದ ನೋಡಿದೆ. ಅವನ ಬಾಯಿ ತಗಸಾಕ ಕಬ್ಬಣದ ಹಾರಿ ತುರುಕಿದ್ರು. ಹಲ್ಲ ಮುರದು ನನ್ನ ಮುಂದ ಬಿದ್ವು. ಆದ್ರೂ ಕೂಗಲಿಲ್ಲ. ಎರಡಕ್ಕ ನಿಂತ್ರ ಏನು ಅರ್ಥ, ಹೇಳ್ರಿ? ಒಳಗ ಇನ್ನೂ ಮದ್ದು ಉಳದದ, ಬರಬ್ಯಾಡ್ರಿ ಅಂತ. ಖಣಿ ಮಂದಿಗೆ ಅದು ತಿಳೀತದ ಅಂದ್ಕೊಂಡ. ಆದ್ರ ಒಳಗ ಹೊಗಿ, ನೀರಡಿಕಿ, ಕೂಸುಗಳು. ಅವನ ದನಿ ಕೇಳಿದ್ದೇ ಸಾಕಾತು ಅವರಿಗೆ. ಈಗ ನೋಡಿದ್ರಲ್ಲ, ಬಾವಲಿ ವಾಸನಿ ತಡೀಲಾರದ ಎರಡಕ್ಕ ಹೊರಗ ಬಂದ್ರಿ ನೀವು. ಹಂಗ ಬಂದ್ರು."

ಕಲ್ಲು ಹೊರುವ ಕೆಲಸದ ಚಂದಮ್ಮ ಎಂಬಾಕೆ ಹೆಣಗಳ ನಡುವೆ ಉಸಿರಾಡುತ್ತಿದ್ದ ನಾನಿಯನ್ನು ಎತ್ತಿಕೊಂಡು ಚಿಂಚೋಳಿ ಕಡೆ ಚಂದಾಪುರಕ್ಕೆ ಒಯ್ದು ಸಾಕಿದ್ದು ನಮಗೆಲ್ಲ ಗೊತ್ತಿತ್ತು. ಇದು ಮಾತ್ರ ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾಕ ಹೇಳಲಿಲ್ಲ, ನಾನಿ?" ಎಂದು ಕೇಳಿದೆ. ನನ್ನ ಕೈಯಲ್ಲಿ ಇನ್ನೂ ಆ ಚೂರು ಇತ್ತು.

"ಮಗಳ ಸಲುವಾಗಿ ಊರ ಮಾರಿದ ಅಂತ ಮಂದಿ ಅಂತಿದ್ರು. ಅದು ಕೇಳಾಕ ನನಗ ಸುಖಾ ಅನಸ್ತಿತ್ತು, ಶಗುಫ್ತಾ. ಊರಕಿಂತ ನಾ ಅವನಿಗೆ ಹೆಚ್ಚು ಅಂದಂಗ. ಖರೇ ಅಂದ್ರ ಅಂವ ನನ್ನ ಕೊಟ್ಟುಬಿಟ್ಟ. ಭಾಳ ವರ್ಷ ನಾ ಅವನ ಮ್ಯಾಲ ಹಲ್ಲ ಕಡದೀನಿ. ಈಗ ನಂದೂ ಹೊತ್ತು ಬಂತು. ಅಲ್ಲಿ ಹೋಗಿ ಅವನಿಗೆ ಮಾರಿ ಹೆಂಗ ತೋರಸಲಿ?"

ಅವಳು ಹಾಜಿಸಾಬರ ಹತ್ತಿರ ಹೋದಳು. "ಹಾಜಿಭಾಯಿ, ನೀವು ಒಳಗಿದ್ರಿ. ನಿಮಗ ಎಷ್ಟು ಕೇಳಿಸಿದ್ವು?"

ಹಾಜಿಸಾಬರ ಹರಿದ ಕುರ್ತಾದೊಳಗೆ ಎದೆಗೂಡು ಏರಿ ಇಳಿಯುತ್ತಿತ್ತು. ತಾಹಿರ್ ಅವರನ್ನು ಕೂರಿಸಲು ಹೋದ. ಅವರು ಅವನ ಕೈ ಕೊಡವಿದರು.

"ನಮ್ಮಪ್ಪ ನನ್ನ ರಟ್ಟಿ ಹಿಡದಿದ್ದ," ಎಂದರು. "'ಮೂರನೇದ ಬರಲಿ' ಅಂದ. ಅಮ್ಮ ಕೇಳಲಿಲ್ಲ. ತಂಗಿ ಮೈ ತಣ್ಣಗ ಆಗಾಕತ್ತಿತ್ತು. 'ಗನಿಭಾಯಿ ಕರ್ಯಾಕತ್ತಾನ, ನೀರ ತಂದಾನ' ಅಂತ ಕೂಸಿನ್ನ ಎತ್ಕೊಂಡು ಓಡಿದ್ಲು. ಗವಿ ಬಾಯಾಗಿಂದ ಅವಳ ಕಾಲ ಕಾಣಸ್ತಿದ್ವು. ಬಡ್ಕೊಂಡ್ವು, ಆಮ್ಯಾಲ ಸುಮ್ಮಾದ್ವು. ನಾವಿಬ್ಬರೂ ಹೆಣದ ಹಿಂದ ಕತ್ತಲಾಗೂತನಾ ಕುಂತೆವು. ಎರಡು ಅಂದ್ರ ಅಮ್ಮಂದೇ ತಪ್ಪಾಗ್ತದ. ಮೂರು ಅಂದ್ರ ಗನಿದು. ನಾ ಮೂರು ಅಂದೆ. ಅಂದು ಅಂದು ನನ್ನ ಕಿವಿಗೂ ಮೂರೇ ಕೇಳಸಾಕತ್ತಿದ್ವು."

ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ನಿಜ ಹೇಳುತ್ತೇನೆ, ಆಗ ಬರಲಿಲ್ಲ. ನಮ್ಮಮ್ಮ ನೆನಪಾದಳು, ಮದುವೆಯ ಮಾತು ಮುರಿದು ಬಂದ ದಿನ ಒಲೆಯ ಮುಂದೆ ಕೂತಿದ್ದ ರೀತಿ ನೆನಪಾಯಿತು. ಚೂರನ್ನು ಬೀಸಿ ನೀರಿಗೆ ಒಗೆದೆ.

ಹಾಜಿಸಾಬರು ಹೆಡ್‌ಫೋನ್ ತೆಗೆದು ಕುರ್ಚಿಯ ಮೇಲಿಟ್ಟರು. ಗವಿಯ ಕಡೆ ತಿರುಗಿ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದರು.

"ಸಾ...ಫ್!"

ಮುದುಕರ ದನಿ ಗೋಡೆಗೆ ಬಡಿದು ತಿರುಗಿ ಬಂತು. ಉಸಿರು ಎಳೆದುಕೊಂಡರು.

"ಸಾ...ಫ್!"

ಪ್ರತಿ ತಿಂಗಳ ನಡಿಗೆಯಲ್ಲೂ ಮೂರು ಸಲ ಕೂಗಿ ರೂಢಿಯಾಗಿದ್ದ ಪವಮಾನ ಸರ್ ಮೂರನೆಯದಕ್ಕೆ ಬಾಯಿ ತೆರೆದರು. ನಾನು ಅಂಗೈಯಿಂದ ಅವರ ಬಾಯಿ ಒತ್ತಿಹಿಡಿದೆ. ದೊಡ್ಡವರು, ಮೇಷ್ಟ್ರು ಎಂದು ನೋಡಲಿಲ್ಲ. ಎಲ್ಲರೂ ಹಾಗೆಯೇ ನಿಂತೆವು. ಹಾಜಿಸಾಬರು ಬಾಯಿ ಮುಚ್ಚಿಕೊಂಡು ನಿಂತೇ ಇದ್ದರು. ಗವಿಯ ಬಾಯಿ ತೆರೆದೇ ಇತ್ತು.

"ಕೊರಿ," ಎಂದರು ಕೊನೆಗೆ, ತಾಹಿರನ ಕಡೆ ನೋಡದೆ. "ಎಲ್ಲಾರಕಿಂತ ಮ್ಯಾಲ ಕೊರಿ."

ಮೇಲೆ ಜಾಗವಿರಲಿಲ್ಲ. ತಾಹಿರ್ ಕಲ್ಲಿನ ಬುಡದಲ್ಲಿ ಮೊಣಕಾಲೂರಿದ. ನಾನು ಬಾರಿಸಿದ ಗಲ್ಲ ಕೆಂಪಾಗಿತ್ತು. ಅವನು ಪೆನ್ಸಿಲ್ಲಿನಿಂದ ಗೆರೆ ಸಹ ಹಾಕಿಕೊಳ್ಳಲಿಲ್ಲ, ನೇರ ಉಳಿ ಇಟ್ಟು ಹೊಡೆದ. ನಾನಿ ಅವನ ಪಕ್ಕದಲ್ಲಿ ಕೂತು ಒಂದೊಂದು ಅಕ್ಷರವನ್ನೂ ನೋಡುತ್ತಿದ್ದಳು. ಅವಳ ಹುಬ್ಬಿನ ರಕ್ತ ಕಲ್ಲಿನ ಪುಡಿಯ ಮೇಲೆ ಬೀಳುತ್ತಿತ್ತು. ಹಾಜಿಸಾಬರು ತಮ್ಮ ಹೆಗಲ ಮೇಲಿನ ರುಮಾಲನ್ನು ತೆಗೆದು ಅವಳತ್ತ ಚಾಚಿದರು. ಅವಳು ಅದನ್ನು ತೆಗೆದುಕೊಂಡು ಹುಬ್ಬಿಗೆ ಒತ್ತಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೆಸರು ಮುಗಿದಾಗ ನಾನಿ ಅದರ ಮೇಲೆ ಕೈಯಾಡಿಸಿದಳು. ಗವಿಯ ಕಡೆ ತಿರುಗಿ ಕೂಗಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಮತ್ತೊಮ್ಮೆ ಯತ್ನಿಸಿದಳು. ಆ ಕುಡಗೋಲು ಕಡಿದ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುವುದಾದರೂ ಹೇಗೆ?

"ನನ್ನ ಕೈಲೆ ಆಗೂದಿಲ್ಲ, ಶಗುಫ್ತಾ," ಎಂದಳು. "ಅವನ ಗಂಟಲ ನಿನ್ನ ಹತ್ರ ಅದ. ಮೂರನೇದ ನೀ ಕೂಗು. ಇನ್ನ ಒಳಗ ಏನೂ ಉಳದಿಲ್ಲ."

ನಾನು ದಂಡೆಯ ಮೇಲೆ ಹತ್ತಿ ನಿಂತು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.